ಬಾನುಲಿ ಕೇಂದ್ರದ ಹಲ್ಲಿ

ಬಾನುಲಿ ಸಂದರ್ಶನದಲ್ಲಿ ಮಂತ್ರಿಗಳು "ಹಳ್ಳದ ಹೊಸ ಸೇತುವೆ ಗಟ್ಟಿಯಾಗಿದೆ" ಎಂದಾಗ ಹಿಂದಿನಿಂದ ಲೊಚ್ ಲೊಚ್ ಎಂಬ ಸದ್ದು ಕೇಳಿಸಿತು. ಅದು ಸ್ಟುಡಿಯೋ ಗೋಡೆಯ ಹಲ್ಲಿಯದೆಂದು ತಿಳಿದ ಮೇಲೆ ಊರಿನವರು, "ಹಲ್ಲಿಯೇ ನುಡಿದಿದೆ, ಮಾತು ನಿಜ" ಎಂದು ನಂಬಿದರು.

ಮೈಕು ಹಲ್ಲಿಯನ್ನು ಕೇಳಿತು: "ಆ ಸೇತುವೆಯನ್ನು ನೀನು ನೋಡಿದ್ದೀಯಾ?"

"ಈ ಗೋಡೆ ಬಿಟ್ಟು ನಾನೆಲ್ಲಿಗೆ ಹೋಗಲಿ ಮಾರಾಯ? ಹುಳ ನುಂಗಿದೆ, ಲೊಚಗುಟ್ಟಿದೆ. ಅದು ನನ್ನ ಅಭ್ಯಾಸ."

"ನಿನ್ನ ಅಭ್ಯಾಸವನ್ನು ನಂಬಿ ಸೋಮವಾರದಿಂದ ಶಾಲೆಯ ಮಕ್ಕಳು ಅದನ್ನು ದಾಟುತ್ತಾರೆ. ಇವತ್ತು ಮಂತ್ರಿಗಳು ಮತ್ತೆ ಬರುತ್ತಿದ್ದಾರೆ."

ಮಂತ್ರಿಗಳು ಬಂದು ಅದೇ ಮಾತು ಹೇಳಿ, ಗೋಡೆಯತ್ತ ನೋಡಿ, ಸ್ವಲ್ಪ ತಡೆದರು. ಹಲ್ಲಿಯ ಮೂಗಿನ ಮುಂದೆಯೇ ಹುಳವೊಂದು ಕುಳಿತಿತ್ತು. ಹಲ್ಲಿ ಬಾಯಿ ತೆರೆಯಲಿಲ್ಲ. ಮಂತ್ರಿಗಳು ಇನ್ನೂ ಜೋರಾಗಿ ಹೇಳಿದರು. ಹುಳ ಹಾರಿಹೋಯಿತು.

"ಇವತ್ತು ಹಲ್ಲಿ ನುಡಿಯಲೇ ಇಲ್ಲವಲ್ಲ ಅಕ್ಕ" ಎಂದಳು ರೇಡಿಯೋ ಕೇಳುತ್ತಿದ್ದ ನಾಗವೇಣಿ.

"ನುಡಿಯದಿದ್ದರೆ ಬಿಡು, ನಾವೇ ಹೋಗಿ ನೋಡೋಣ" ಎಂದಳು ಪಕ್ಕದ ಮನೆಯ ಚೆನ್ನಮ್ಮ.

ಸೋಮವಾರ ತಾಯಂದಿರು ಮಕ್ಕಳನ್ನು ದಡದಲ್ಲಿ ನಿಲ್ಲಿಸಿ, ಸೇತುವೆಯ ಕೆಳಗಿಳಿದು ಕಂಬವನ್ನು ಬೆರಳಿನಿಂದ ಕೆರೆದು ನೋಡಿದರು. ಸಿಮೆಂಟು ಹಿಟ್ಟಿನಂತೆ ಉದುರಿತು. ಅವರು ಮಕ್ಕಳ ಕೈ ಹಿಡಿದು ಹಳೆಯ ದಾರಿಯಲ್ಲೇ ಶಾಲೆಗೆ ನಡೆದರು.