ಹಂಪ್ ಉದ್ಘಾಟನೆ

ಮರಿಗಳು ಶಾಲೆಗೆ ನಡೆದುಹೋಗುವ ರಸ್ತೆಯಲ್ಲಿ ಲಾರಿಗಳು ಹುಚ್ಚೆದ್ದು ಓಡುತ್ತಿದ್ದವು. ಹೇಂಟೆಯೊಂದು ವರ್ಷವಿಡೀ ಕಚೇರಿಗೆ ಅಲೆದು, ಕೊನೆಗೂ ಶಾಲೆಯ ಮುಂದೆ ಒಂದು ಹಂಪ್ ಹಾಕಿಸಿತು. ಲಾರಿಗಳ ವೇಗ ತಗ್ಗಿತು. ಮರಿಗಳು ಸಾಲಾಗಿ ದಾಟತೊಡಗಿದವು.

ಹಂಪನ್ನು ಉದ್ಘಾಟಿಸಲು ಮಂತ್ರಿ ಹುಲಿರಾಯರೇ ಬರುತ್ತಾರೆಂದು ಸುದ್ದಿ ಬಂತು. ಹಿಂದಿನ ದಿನ ಇಂಜಿನಿಯರ್ ಕೋಣ ಗುದ್ದಲಿ ತಂದು ಅದನ್ನು ಅಗೆಯಲು ನಿಂತಿತು.

"ಏನು ಸ್ವಾಮಿ ಇದು?" ಎನ್ನುತ್ತಾ ಹೇಂಟೆ ಓಡಿಬಂತು.

"ಸಾಹೇಬರಿಗೆ ಬೆನ್ನುನೋವಮ್ಮ. ಕಾರು ಕುಲುಕಿತೋ, ನನ್ನನ್ನು ಎತ್ತಂಗಡಿ ಮಾಡಿಬಿಡುತ್ತಾರೆ."

"ಹಾಗಾದರೆ ನಾಳೆ ಅವರು ಉದ್ಘಾಟಿಸುವುದು ಏನನ್ನು?"

"ಹೆಸರು ಕೆತ್ತಿದ ಕಲ್ಲು ಸಿದ್ಧವಾಗಿದೆಯಲ್ಲ! ಹಂಪ್ ಆಮೇಲೆ ಹಾಕಿದರಾಯಿತು."

ಮರುದಿನ ಹುಲಿರಾಯರ ಕಾರು ಬೆಣ್ಣೆಯ ಮೇಲೆ ಜಾರಿದಂತೆ ಬಂತು. ಟೇಪು ಕತ್ತರಿಸಿ, "ಮಕ್ಕಳ ಸುರಕ್ಷತೆಯೇ ನಮ್ಮ ಉಸಿರು" ಎಂದು ಅರ್ಧ ಗಂಟೆ ಭಾಷಣ ಮಾಡಿದರು. ಹೋರಾಟಗಾರ್ತಿಯೆಂದು ಹೇಂಟೆಯ ಕೊರಳಿಗೂ ಒಂದು ಹಾರ ಬಿತ್ತು. ಆಳೆತ್ತರದ ಕಲ್ಲನ್ನು ಫುಟ್‌ಪಾತಿನ ನಟ್ಟನಡುವೆ ನೆಟ್ಟರು.

ಹಂಪ್ ಮತ್ತೆ ಬರಲಿಲ್ಲ. ಆ ಕಲ್ಲನ್ನು ಬಳಸಿ ಹೋಗಲು ಮರಿಗಳು ಈಗ ದಿನಾ ಲಾರಿಗಳ ನಡುವೆ ರಸ್ತೆಗಿಳಿಯುತ್ತವೆ.