ಪಾಲಯ್ಯ ಹುಡುಕಿದ ಹಾದಿಗಳು

ಬಲು ಹಿಂದೆ, ಕುರಿಗಳು ಮಾತಾಡುತ್ತಿದ್ದ ಕಾಲಕ್ಕಿಂತ ಈಚೆಗೆ, ನಿಮ್ಮಜ್ಜನ ಅಜ್ಜ ಹುಟ್ಟಿದ ಕಾಲಕ್ಕಿಂತ ಆಚೆಗೆ, ಕಡಬನಹಟ್ಟಿ ಅಂತ ಒಂದೂರಿತ್ತಂತೆ. ಆ ಊರಲ್ಲಿ ಪಾಲಯ್ಯ ಅಂತ ಒಬ್ಬನಿದ್ದನಂತೆ. ತಾಯಿಯಿಲ್ಲದವನು. ಸೊಂಟದ ಮೇಲೆ ಹೊತ್ತು ಅವನನ್ನು ಸಾಕಿದವಳು ಅಕ್ಕ ಬೊಮ್ಮಕ್ಕ. ಆ ಬೊಮ್ಮಕ್ಕನನ್ನು, ಹಾವಿನ ಹೆಡೆಯ ಹಾಗೆ ಏಳು ಕೋಡೆತ್ತಿ ನಿಂತ ಏಳುಹೆಡೆ ಗುಡ್ಡದ ಆಚೆ, ಮುತ್ತುಗದೂರಿಗೆ ಕೊಟ್ಟರು. ಗುಡ್ಡ ಸುತ್ತಿ ಹೋಗುವ ಬಂಡಿ ಹಾದಿ ಅದು. ನಡುವೆ ಒಂದು ರಾತ್ರಿ ಮಲಗಿ ಏಳದೆ ಆ ಊರು ಮುಟ್ಟಿದವರಿಲ್ಲ ಅಂತಾರೆ.

ಬೊಮ್ಮಕ್ಕ ಬಸುರಿಯಾದಳು. ಬಸುರಿಗೆ ಬಯಕೆ ಇರುತ್ತದಲ್ಲ, ಒಬ್ಬಳಿಗೆ ಹುಣಿಸೆ, ಒಬ್ಬಳಿಗೆ ಸುಟ್ಟ ಮಣ್ಣು. ಬೊಮ್ಮಕ್ಕನಿಗೆ ತವರಿನ ಬಾವಿಯ ನೀರು. ಬೇರೆ ಯಾವ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲವಂತೆ. ಆದರೆ ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು. ಬಯಕೆಯ ನೀರನ್ನು ಸೇದಿದ ದಿನವೇ, ಹೊತ್ತು ಮುಳುಗುವುದರೊಳಗೆ ಕುಡಿಸಬೇಕು. ಹೊತ್ತು ಮುಳುಗಿತೋ, ಅದು ತಂಗಳು. ತಂಗಳು ನೀರು ಬಸುರಿಯ ತುಟಿಗೆ ತಾಗಬಾರದು. ಬಂಡಿಯಲ್ಲಿ ಬಂದ ಕೊಡವನ್ನು ಅತ್ತೆಮನೆಯವರು ಬಾಗಿಲಲ್ಲೇ ಬೇವಿನ ಬುಡಕ್ಕೆ ಸುರಿದರಂತೆ. ಬೊಮ್ಮಕ್ಕ ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಿದ್ದಳಂತೆ.

ಆ ಸುದ್ದಿ ಕೇಳಿದ ಪಾಲಯ್ಯನ ಕೈತುತ್ತು ಕೈಯಲ್ಲೇ ಉಳಿಯಿತು. ಹೆರಿಗೆ ಆಗೋದ್ರೊಳಗೆ ನಾನು ಗುಡ್ಡ ದಾಟಿ ಓಡ್ತೀನಿ, ಒಂದೇ ಹಗಲಲ್ಲಿ ನೀರು ಮುಟ್ಟಿಸ್ತೀನಿ ಅಂದ. ಊರು ನಕ್ಕಿತು. ಅವನು ನಗಲಿಲ್ಲ.

ಮೊದಮೊದಲು ಊರ ಬೇಲಿ ಸುತ್ತಿದರೇ ಪಕ್ಕೆ ಹಿಡಿಯುತ್ತಿತ್ತು. ಆಮೇಲೆ ಕೆರೆಯವರೆಗೆ, ಆಮೇಲೆ ಗುಡ್ಡದ ಬುಡದವರೆಗೆ, ಆಮೇಲೆ ಗುಡ್ಡದೊಳಕ್ಕೆ. ಒಂದು ಹಾದಿ ಕಾಲಿಗೆ ಒಗ್ಗಿತು ಅನ್ನುವಷ್ಟರಲ್ಲಿ ಅದನ್ನು ಬಿಟ್ಟು ಇನ್ನೊಂದು ಹುಡುಕುತ್ತಿದ್ದನಂತೆ. ಸಂಜೆ ಒಲೆಯ ಮುಂದೆ ಕೂತು, ಸಗಣಿ ಸಾರಿಸಿದ ನೆಲದ ಮೇಲೆ ಹುರುಳಿ ಕಾಳು ಜೋಡಿಸಿ ಗುಡ್ಡ ಕಟ್ಟುತ್ತಿದ್ದ. ಇಲ್ಲಿ ಜೇನುಬಂಡೆ, ಇಲ್ಲಿ ಒರತೆ, ನಾಳೆ ಹೀಗೆ ಹೋಗಿ ಹಾಗೆ ಇಳಿಯೋದು. ಮನೆಯಲ್ಲಿದ್ದವಳು ಸೋದರತ್ತೆ ನಿಂಗವ್ವ. ಅವಳ ನಾಲಿಗೆ ಕುಡುಗೋಲು.

"ಏನ್ಲಾ, ನಿನ್ನೆ ಹೋದ ಹಾದಿ ನಿಂಗೇನು ಬೈತೇನ್ಲಾ?"

"ಬೈಲಿಲ್ಲತ್ತೆ. ಗೊತ್ತಿರೋ ಹಾದೀಲಿ ಕಾಲು ನಿದ್ದೆ ಮಾಡ್ತವೆ."

"ಹಂಗಾರೆ ನಿನ್ನ ಗುಡ್ಡ ಇತ್ತ ತಾ, ಸಾರಿಗಿಡ್ಬೇಕು" ಅಂತ ಏಳೂ ಹೆಡೆಗಳನ್ನು ಸೆರಗಿಗೆ ಬಳಿದುಕೊಂಡು ಹೋದಳಂತೆ. ಆದರೆ ಮಾರನೆ ಸಂಜೆ ಹೊಸ ಹುರುಳಿ ಅವಳೇ ತಂದಿಟ್ಟಿದ್ದಳು.

ಒಂದು ಹಾದಿ ಕೊರಕಲಿನಲ್ಲಿ ಸತ್ತುಹೋಯಿತು. ಒಂದು ಹಾದಿ ಕರಡಿಯ ಗವಿಯ ಬಾಯಿಗೆ ಬಿಟ್ಟಿತು. ಇನ್ನೊಂದು ಸುತ್ತಿ ಸುತ್ತಿ ಅವನದೇ ಕೊಟ್ಟಿಗೆಯ ಹಿಂದಕ್ಕೆ ತಂದು ನಿಲ್ಲಿಸಿತು. ಒಳ್ಳೆಯವಲ್ಲ ಅಂತ ಎಲ್ಲವನ್ನೂ ಬಿಟ್ಟ. ಕೊನೆಗೆ ಒಂದು ಸಿಕ್ಕಿತು. ನಾಲ್ಕನೆಯ ಹೆಡೆಯ ಸಂದಿನಲ್ಲಿ ನುಸುಳಿ, ಬಾಣದ ಹಾಗೆ ಮುತ್ತುಗದೂರಿಗೆ ಇಳಿಯುವ ಹಾದಿ. ಮರೆತೀನು ಅಂತ ತಲೆಯ ರುಮಾಲನ್ನೇ ಹರಿದು, ತಿರುವು ತಿರುವಿನ ಮರಕ್ಕೆ ಒಂದೊಂದು ಚಿಂದಿ ಕಟ್ಟಿ ಬಂದ. ಬರುವಾಗ ಕಾಲಿಗೆ ಕಾರೆಮುಳ್ಳು ಹೊಕ್ಕಿತು. ಗಾಯ ಕೀವಾಗಿ, ಅದು ಮಾಯುವ ತನಕ ಒಂದೆರಡು ತಿಂಗಳು ಮನೆಯಲ್ಲೇ ಕೂತ.

ಗಾಯ ಮಾಯಿತು. ಅತ್ತ ಮುತ್ತುಗದೂರಿನಿಂದ ಮಾತು ಬಂತು. ಬೊಮ್ಮಕ್ಕನಿಗೆ ದಿನ ತುಂಬಿದೆ, ತುಟಿ ಒಡೆದಿದೆ, ಹೆರುವಷ್ಟು ತ್ರಾಣ ಉಳಿದಿಲ್ಲ.

ಸೂರ್ಯ ಕಣ್ಣು ಬಿಡುವ ಹೊತ್ತಿಗೆ ನಿಂಗವ್ವ ನೀರು ಸೇದಿ, ಸೋರೆ ಬುರುಡೆಗೆ ತುಂಬಿ, ಬಾಯಿಗೆ ಮೇಣ ಮೆತ್ತಿ ಅವನ ಬೆನ್ನಿಗೆ ಕಟ್ಟಿದಳು. ಪಾಲಯ್ಯ ಓಡಿದ. ಕೆರೆ ದಾಟಿ ಓಡಿದ, ಜೇನುಬಂಡೆ ಬಳಸಿ ಓಡಿದ, ನಾಲ್ಕನೆಯ ಹೆಡೆಯ ಸಂದು ನುಸುಳಿ ತಲೆಯೆತ್ತಿ ನೋಡಿದ.

ಗುಡ್ಡದ ತುಂಬ ಚಿಂದಿ! ಜಾಲಿಗೆ ಚಿಂದಿ, ಬೇವಿಗೆ ಚಿಂದಿ, ಕಾರೆಯ ಪೊದೆಗೂ ಚಿಂದಿ. ಬಿಸಿಲು ಧೂಳಿಗೆ ಎಲ್ಲವೂ ಒಂದೇ ಬಣ್ಣ, ಅವನ ಚಿಂದಿ ಯಾವುದು, ಬೇರೆಯವರದು ಯಾವುದು, ಒಂದೂ ತಿಳಿಯದು. ಅಲ್ಲೇ ಒಬ್ಬ ಕುರಿಗಾಹಿ ಮುದುಕ ಕಂಬಳಿಯ ಅಂಚು ಹರಿದು ಕೊಂಬೆಗೆ ಬಿಗಿಯುತ್ತಿದ್ದ.

"ಯಾವ ಪುಣ್ಯಾತ್ಮ ಮೊದಲು ಕಟ್ಟಿದ್ನೋ ಕಾಣೆ ಕಣಪ್ಪ. ಹರಕೆ ಮರ ಇವು. ನಾನೊಂದು ಕಟ್ಟಿದೆ ನೋಡು, ನನ್ನ ಟಗರಿನ ಕೆಮ್ಮು ನಿಂತೇಹೋಯ್ತು. ನೀನೂ ಒಂದು ಕಟ್ಟು."

ಆ ಪುಣ್ಯಾತ್ಮ ಪಾಲಯ್ಯನೇ, ಆದರೆ ಅದನ್ನು ಹೇಳುತ್ತ ನಿಲ್ಲಲು ಹೊತ್ತೆಲ್ಲಿತ್ತು? ಸೂರ್ಯ ನೆತ್ತಿಯಿಂದ ಜಾರಿದ್ದ. ಬೆನ್ನ ಮೇಲೆ ನೀರು ಕುಲುಕುತ್ತಿತ್ತು. ಒಂದು ಚಿಂದಿ ನಂಬಿ ಓಡಿದ, ಬಂಡೆಗೆ ಮುಖ ಹೊಡೆಯಿತು. ಇನ್ನೊಂದನ್ನು ನಂಬಿದ, ಮುಳ್ಳಿನೊಳಗೆ ನಿಂತ. ಅಲ್ಲಿ ನಿಂತು ಅಕ್ಕಾ ಅಂತ ಅತ್ತುಬಿಟ್ಟನಂತೆ.

ಅತ್ತು, ಮೂಗೊರೆಸಿ, ಕಣ್ಣು ತಗ್ಗಿಸಿದ. ಆಗ ಪಾದದ ಕೆಳಗಿನ ಕೆಂಪು ನೊರಜುಗಲ್ಲು ಗುರುತಿನದು ಅನ್ನಿಸಿತು. ಇದು ಕೊರಕಲಿನಲ್ಲಿ ಸತ್ತ ಹಾದಿಯಲ್ಲವಾ? ಹೌದು. ಕೊರಕಲಿನ ಅಂಚು ಹಿಡಿದರೆ ಕರಡಿ ಗವಿ. ಗವಿಯ ನೆತ್ತಿ ಹತ್ತಿದರೆ ಆಚೆಯ ಒರತೆ. ಒಳ್ಳೆಯವಲ್ಲ ಅಂತ ಬಿಟ್ಟ ಹಾದಿಗಳೇ ಒಂದೊಂದಾಗಿ ಬಂದು ಕೈ ಹಿಡಿದವಂತೆ. ತುಂಡು ತುಂಡು ಹಾದಿಗಳನ್ನು ಕೌದಿಯ ಹಾಗೆ ಹೊಲಿಯುತ್ತ ಹೊಲಿಯುತ್ತ ಓಡಿದ. ಗುಡ್ಡವೇ ಹೆಡೆ ಸರಿಸಿ ದಾರಿ ಬಿಟ್ಟಿತು ಅನ್ನುವವರೂ ಇದ್ದಾರೆ. ಕರಡಿ ಮುಂದೆ ಮುಂದೆ ನಡೆಯಿತು ಅನ್ನುವವರೂ ಇದ್ದಾರೆ. ಇರಲಿ.

ಮುತ್ತುಗದೂರಿನಲ್ಲಿ ಅಕ್ಕನ ಮನೆಯ ಹೊಸಿಲು ಮುಟ್ಟಿದಾಗ ಸೂರ್ಯ ಬೇಲಿಯ ಮೇಲೆ ಒಂದು ಬೆರಳಷ್ಟು ಉಳಿದಿದ್ದನಂತೆ. ಬೊಮ್ಮಕ್ಕನ ಅತ್ತೆ ಹೊರಗೆ ಬಂದು ಬಿಸಿಲು ನೋಡಿದಳು, ಬುರುಡೆ ನೋಡಿದಳು, ಪಕ್ಕಕ್ಕೆ ಸರಿದಳು. ಹಾದಿಯಲ್ಲೇ ಬುರುಡೆ ಬಂಡೆಗೆ ತಾಗಿ ಬಿರುಕು ಬಿಟ್ಟಿತ್ತು, ಉಳಿದದ್ದು ಒಂದೇ ಗುಟುಕು. ಬೊಮ್ಮಕ್ಕ ಆ ಗುಟುಕನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ನುಂಗಿದಳು. ನಿಂತಿತು.

ತಮ್ಮನ ಕಾಲಿನ ಗೀರುಗಳನ್ನು ಸವರುತ್ತ ಕೇಳಿದಳಂತೆ: "ಯಾವ ಹಾದೀಲಿ ಬಂದ್ಯೋ ಕೂಸೇ?"

"ಗೊತ್ತಿಲ್ಲಕ್ಕ. ಮತ್ತೆ ಬರೋವಾಗ ಬೇರೆ ಹಾದೀಲಿ ಬರ್ತೀನಿ."

ಬೆಳಕು ಹರಿಯುವ ಮುಂಚೆ ಹೆಣ್ಣುಮಗು ಹುಟ್ಟಿತು. ತಾಯಿ ಬದುಕಿದಳು.

ಏಳುಹೆಡೆಯ ಮರಗಳಿಗೆ ಈಗಲೂ ಜನ ಚಿಂದಿ ಕಟ್ಟುತ್ತಾರೆ, ಕೆಮ್ಮಿದರೂ ಕಟ್ಟುತ್ತಾರೆ. ಆದರೆ ಪಾಲಯ್ಯನ ನೆನಪು ಅಲ್ಲಿಲ್ಲ. ಆ ಸೀಮೆಯಲ್ಲಿ ಮಗಳ ಮನೆಗೆ ತವರಿನಿಂದ ಯಾರೇ ಬರಲಿ, ಊಟ ಆಯ್ತಾ ಅಂತ ಮೊದಲು ಕೇಳುವುದಿಲ್ಲ. ಕಾಲಿಗೆ ನೀರು ಕೊಟ್ಟು, ಯಾವ ಹಾದೀಲಿ ಬಂದೆ ಅಂತ ಕೇಳುತ್ತಾರೆ. ಬಂದವನು ಹಿಂದೆ ಹೇಳದ ಒಂದು ಹಾದಿಯನ್ನೇ ಹೇಳಬೇಕು. ಈಗ ಬಸ್ಸಿಳಿದು ಬರುವ ತಮ್ಮಂದಿರೂ ಅಷ್ಟೆ. ಊರ ಮುಂದೆ ಇಳಿದು, ಒಂದು ಹೊಲ ಬಳಸಿ, ಒಂದು ಬದು ಹತ್ತಿಳಿದು, ಒಂದಿಷ್ಟು ಮುಳ್ಳು ಅಂಟಿಸಿಕೊಂಡೇ ಅಕ್ಕನ ಬಾಗಿಲಿಗೆ ಬರುತ್ತಾರೆ. ಕೈಯಲ್ಲಿ ಬಾವಿಯ ನೀರಿರುತ್ತದೆ. ಅಕ್ಕಂದಿರು ಹೊತ್ತು ಮುಳುಗುವ ಮುಂಚೆ ಅದನ್ನು ಕುಡಿಯುತ್ತಾರೆ.