ಅತ್ತಿಮರಕ್ಕೆ ಬಂದ ಶಾಸ್ತ್ರದ ಗಿಳಿ

ಗಿಳಿಶಾಸ್ತ್ರದವನ ಪಂಜರದಿಂದ ಯಾರೋ ಪುಣ್ಯಾತ್ಮರು ಬಿಡಿಸಿದ ಗಿಳಿಯೊಂದು ಅತ್ತಿಮರದ ಪೊಟರೆ ಸೇರಿತು. ಮರಿಯಾಗಿದ್ದಾಗ ಅದನ್ನು ಮಾವಿನ ತೋಪು ತೋರಿಸುವುದಾಗಿ ನಂಬಿಸಿ ಒಯ್ದು, ರೆಕ್ಕೆ ಕತ್ತರಿಸಿದ್ದರು. ಅಂದಿನಿಂದ ಅದಕ್ಕೆ ಒಂದೇ ಕೆಲಸ: ಕರೆದಾಗ ಹೊರಗೆ ಬಂದು, ಒಂದು ಕಾರ್ಡು ಎತ್ತಿಕೊಟ್ಟು, ಒಂದು ಭತ್ತದ ಕಾಳು ತಿಂದು, ತಾನಾಗಿಯೇ ಒಳಗೆ ಹೋಗುವುದು.

ಮರದಲ್ಲೂ ಅದು ಹಾಗೆಯೇ ಮಾಡಿತು. ಯಾರು ಕರೆದರೂ ಹೊರಬಂದು, ಒಂದು ಎಲೆ ಕಿತ್ತುಕೊಟ್ಟು, ಒಳಗೆ ಹೋಗಿಬಿಡುತ್ತಿತ್ತು. ನಿದ್ದೆಯಲ್ಲೂ ಅದರ ಕೊಕ್ಕು ಕಾರ್ಡು ಹುಡುಕುತ್ತಿತ್ತು.

"ಇಲ್ಲಿ ಬಾಗಿಲೇ ಇಲ್ಲವಲ್ಲ, ಹಾರಬಾರದೇ?" ಎಂದು ಮರದ ಗಿಳಿಗಳೆಲ್ಲ ನಕ್ಕವು.

"ಬಾಯಿ ಮುಚ್ಚಿ," ಎಂದು ಮುದಿ ಗಿಳಿಯೊಂದು ಗದರಿತು. "ರೆಕ್ಕೆ ನಿಮ್ಮ ಅವಸರಕ್ಕೆ ಬೆಳೆಯುವುದಿಲ್ಲ."

ಆ ಮುದಿ ಗಿಳಿ ದಿನಾ ಮುಂಜಾನೆ ಒಂದು ಅತ್ತಿಹಣ್ಣು ತಂದು ಪೊಟರೆಯ ಮುಂದಿಟ್ಟು, ಸುಮ್ಮನೆ ಕೂರತೊಡಗಿತು.

"ಅಜ್ಜಿ, ನಾನಿನ್ನೂ ಎಲೆ ಕೊಟ್ಟಿಲ್ಲ," ಎಂದಿತು ಒಳಗಿನ ಗಿಳಿ.

"ಕೊಡಬೇಡ ಮಗಳೇ. ಹಸಿವಾದರೆ ತಿನ್ನು, ಬೇಡವಾದರೆ ಬಿಡು."

"ಬಿಡಬಹುದೇ?"

"ಬಿಡಬಹುದು."

ಗಿಳಿ ಅಂದು ಹಣ್ಣು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಅಜ್ಜಿ ತರುವುದನ್ನು ನಿಲ್ಲಿಸಲಿಲ್ಲ.

ಎಲೆಗಳು ಉದುರಿ, ಮತ್ತೆ ಚಿಗುರಿದವು. ಒಂದು ಮುಂಜಾನೆ ಮಂಜಿನಲ್ಲಿ ಮರವೇ ತೇಲುತ್ತಿರುವಂತಿತ್ತು. ಹಣ್ಣಿಟ್ಟು ತೂಕಡಿಸುತ್ತಿದ್ದ ಅಜ್ಜಿ, ಪಕ್ಕದಲ್ಲಿ ರೆಕ್ಕೆ ಬಡಿದ ಸದ್ದಾಗಿ ಕಣ್ತೆರೆಯಿತು. ಗಿಳಿ ಕೊಂಬೆಯ ಮೇಲೆ ಕೂತು ಹಣ್ಣು ತಿನ್ನುತ್ತಿತ್ತು. ಎಲೆ ಕಿತ್ತಿರಲಿಲ್ಲ.

"ಯಾರು ಕರೆದರು ಮಗಳೇ?"

"ಯಾರೂ ಕರೆಯಲಿಲ್ಲ ಅಜ್ಜಿ."